ಅಕ್ಕಲಕೋಟೆಯ ಮಾಸ್ತರರು ಕಳೆದುಕೊಂಡ ಹತ್ತು ಸಾವಿರ

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆಯೂ ನಮ್ಮ ಕಾಸರಗೋಡಿನಂತೆ ಗಡಿಯಾಚೆ ಉಳಿದ ಕನ್ನಡದ ನೆಲ. ಅಲ್ಲಿಯೂ ಕನ್ನಡ ಶಾಲೆಗಳಿವೆ. ಕಚೇರಿಯ ಕಾಗದ ಮಾತ್ರ ಮರಾಠಿಯದು. ಸ್ವಾಮಿ ಸಮರ್ಥರ ದರ್ಶನಕ್ಕೆಂದು ಹೋದ ನಾವು ಅಲ್ಲಿಯ ಕನ್ನಡ ಮಾಸ್ತರರೊಬ್ಬರ ಮನೆಯಲ್ಲಿ ಇಳಿದುಕೊಂಡೆವು. ರಾತ್ರಿ ಊಟವಾದ ಮೇಲೆ ತೆರಿಗೆಯ ಮಾತು ಬಂತು. ಅವರು ಎದ್ದುಹೋಗಿ ಒಂದು ಬಟ್ಟೆಯ ಚೀಲ ತಂದು ನಮ್ಮ ಮುಂದೆ ಸುರಿದರು. ಎಲ್ಲವೂ ಆಸ್ಪತ್ರೆಯ ಬಿಲ್ಲುಗಳು!

"2022ರ ದೀಪಾವಳಿ ಮುಂದ ಅವ್ವನ್ನ ಸೊಲ್ಲಾಪುರದ ದವಾಖಾನಿಗೆ ಒಯ್ದಿದ್ದೆ ಸರ್. ಅರವತ್ತು ಸಾವಿರ ಆತು. ವಿಮಾ ಇದ್ದಿದ್ದಿಲ್ಲ. ಜ್ವಾಳಾ ಮಾರಿದ ರೊಕ್ಕಾ ಎಣಿಸಿ ಕೊಟ್ಟೆ" ಎಂದರು.

ತಾಯಿಗೆ ಆಗ ಎಪ್ಪತ್ತೆರಡು. ವಿಮೆ ಇಲ್ಲದವರಿಗೆ ತೆರಿಗೆಯಲ್ಲಿ ಏನೂ ಸಿಗದೆಂದು ಅವರ ಶಾಲೆಯಲ್ಲಿ ಎಲ್ಲರೂ ನಂಬಿದ್ದರಂತೆ. ನಾವೂ ಬಹುಕಾಲ ಹಾಗೆಯೇ ತಿಳಿದಿದ್ದೆವು. ವಿಮೆ ಮಾಡಿಸದವರಿಗೆ ನಮ್ಮ ದೇಶದಲ್ಲಿ ದಂಡವಿಲ್ಲ, ನಿಜ. ಅರವತ್ತು ತುಂಬದವರು ವಿಮೆಯಿಲ್ಲದೆ ಆಸ್ಪತ್ರೆಗೆ ಸುರಿದ ಹಣಕ್ಕೆ 80ಡಿ ಕಲಮಿನಲ್ಲಿ ರಿಯಾಯಿತಿಯೂ ಇಲ್ಲ. ಅವರಿಗೆ ವಿಮೆಯ ಕಂತಿಗಷ್ಟೇ, 25,000 ರೂಪಾಯಿವರೆಗೆ. ಆದರೆ 2018ರ ಬಜೆಟ್ಟು ಹಿರಿಯರಿಗೊಂದು ಬಾಗಿಲು ತೆರೆಯಿತು. ಅರವತ್ತು ದಾಟಿದ ತಂದೆತಾಯಿಗಳಿಗೆ ಆರೋಗ್ಯ ವಿಮೆ ಇಲ್ಲದಿದ್ದರೆ, ಅವರ ಚಿಕಿತ್ಸೆಗೆ ಮಕ್ಕಳು ಮಾಡಿದ ಖರ್ಚಿನಲ್ಲಿ ವರ್ಷಕ್ಕೆ 50,000 ರೂಪಾಯಿವರೆಗೆ ಆದಾಯದಿಂದ ಕಳೆಯಬಹುದು.

ಮಾಸ್ತರರು ಶೇಕಡಾ 20ರ ಹಂತದಲ್ಲಿದ್ದರು. ಐವತ್ತು ಸಾವಿರಕ್ಕೆ ಹತ್ತು ಸಾವಿರ, ಅದರ ಮೇಲೆ ಶೇಕಡಾ 4ರ ಸೆಸ್ಸು, ಒಟ್ಟು 10,400 ರೂಪಾಯಿ ಉಳಿಯುತ್ತಿತ್ತು. ಉಳಿಯಲಿಲ್ಲ, ಏಕೆಂದರೆ ನಗದಾಗಿ ಕೊಟ್ಟ ಹಣ ಈ ಲೆಕ್ಕಕ್ಕೆ ಬಾರದು. ಚೆಕ್ಕೋ ಕಾರ್ಡೋ ಫೋನಿನ ಪಾವತಿಯೋ ಆಗಬೇಕು. ಮುನ್ನೆಚ್ಚರಿಕೆಯ ತಪಾಸಣೆಗೆ ಮಾತ್ರ, 5,000 ರೂಪಾಯಿವರೆಗೆ, ನಗದು ನಡೆಯುತ್ತದೆ. ಬಿಲ್ಲುಗಳನ್ನು ಅಷ್ಟು ಜೋಪಾನ ಮಾಡಿದವರಿಗೆ ಇದನ್ನು ಹೇಳುವುದು ನಮಗೆ ಸಂಕಟವಾಯಿತು.

"ಇದನ್ನ ಕನ್ನಡದಾಗ ಯಾರೂ ಹೇಳಲಿಲ್ಲಲ್ರೀ" ಎಂದರು ಅವರು. ಮಂಜೇಶ್ವರದಲ್ಲಿಯೂ ಕುಂಬಳೆಯಲ್ಲಿಯೂ ಇದೇ ಮಾತನ್ನು ನಾವು ಕೇಳಿದ್ದೇವೆ.

ಈಗ ಲೆಕ್ಕ ತುಸು ಬದಲಾಗಿದೆ. ಈ ರಿಯಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. 2025ರ ಹೊಸ ಕಾಯಿದೆಯೂ ಅದನ್ನು ಉಳಿಸಿಕೊಂಡಿದೆ, ಕಲಮಿನ ಸಂಖ್ಯೆಯಷ್ಟೇ ಬೇರೆ. ಹೊಸ ಪದ್ಧತಿಯಲ್ಲಾದರೋ 2025-26ರಿಂದ ಹನ್ನೆರಡು ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲ. ಅದಕ್ಕೂ ಮೇಲಿನ ಸಂಬಳದವರು, ಮನೆಸಾಲ ಇದ್ದವರು, ಎರಡೂ ಲೆಕ್ಕ ಹಾಕಿ ನೋಡಿ ಗಡುವಿನೊಳಗೆ ಆರಿಸಿಕೊಳ್ಳಬೇಕು.

ಮಾಸ್ತರರು ಬಿಲ್ಲುಗಳನ್ನು ಮತ್ತೆ ಚೀಲಕ್ಕೆ ತುಂಬಿದರು. ಒಳಗಿನಿಂದ ಅವರ ಅವ್ವ, "ಇನ್ನೂ ಆ ಕಾಗದಾ ಇಟ್ಟೀಯೇನೋ?" ಎಂದು ಕೂಗಿ ಕೇಳಿದರು.