ಗರ್ಭಿಣಿ, ಬಾಣಂತಿಗೆ ಜ್ವರ-ಕೆಮ್ಮು: ಮೊದಲ ಎರಡು ದಿನ ಕಳೆದುಕೊಳ್ಳಬೇಡಿ

ಮನೆಯಲ್ಲಿ ಒಬ್ಬರಿಗೆ ಶೀತ-ಜ್ವರ ಬಂದರೆ ವಾರದೊಳಗೆ ಎಲ್ಲರನ್ನೂ ಒಂದು ಸುತ್ತು ಕಾಡಿ ಹೋಗುವುದು ಹೊಸದೇನಲ್ಲ. ಶುಂಠಿ ಕಷಾಯ, ನಾಲ್ಕು ದಿನದ ವಿಶ್ರಾಂತಿಯಲ್ಲೇ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಆದರೆ ಅದೇ ಜ್ವರ ತುಂಬು ಗರ್ಭಿಣಿಗೋ ಹಸಿ ಬಾಣಂತಿಗೋ ಬಂದರೆ ಲೆಕ್ಕವೇ ಬೇರೆ. ಅಲ್ಲಿ ‘ನಾಳೆ ನೋಡೋಣ’ ಎಂಬ ಮಾತು ಎರಡು ಜೀವಗಳಿಗೆ ಮುಳುವಾಗಬಹುದು.

2009ರಲ್ಲಿ ಎಚ್1ಎನ್1 ಜ್ವರ ಜಗತ್ತಿನಾದ್ಯಂತ ಹರಡಿತು. ಆಗ ಅಮೆರಿಕದ ಜನಸಂಖ್ಯೆಯಲ್ಲಿ ಗರ್ಭಿಣಿಯರು ಶೇ. 1ರಷ್ಟಿದ್ದರೆ, ಆ ಜ್ವರದಿಂದ ಸತ್ತವರಲ್ಲಿ ಶೇ. 5ರಷ್ಟು ಅವರೇ ಇದ್ದರು. ಆ ವೈರಸ್ ಇಂದಿಗೂ ನಮ್ಮ ನಡುವಿನಿಂದ ಹೋಗಿಲ್ಲ. ಮಳೆಗಾಲದಲ್ಲಿ ಮತ್ತು ಜನವರಿಯಿಂದ ಮಾರ್ಚ್‌ವರೆಗೆ ಬರುವ ಜ್ವರಗಳಲ್ಲಿ ಅದೂ ಸೇರಿರುತ್ತದೆ. ಕೋವಿಡ್ ಎರಡನೇ ಅಲೆಯಲ್ಲೂ ಗರ್ಭಿಣಿಯರು ಬಹಳ ನರಳಿದರು. 2021ರ ಜುಲೈ 2ರಂದು ಕೇಂದ್ರ ಸರ್ಕಾರ ಗರ್ಭಿಣಿಯರಿಗೂ ಕೋವಿಡ್ ಲಸಿಕೆಗೆ ಅನುಮತಿ ನೀಡಿತು.

ಗರ್ಭಿಣಿಗೇ ಏಕೆ ಹೆಚ್ಚು ಅಪಾಯ?

ಮಗು ಬೆಳೆದಂತೆ ಗರ್ಭಕೋಶವು ಎದೆ-ಹೊಟ್ಟೆಗಳ ನಡುವಿನ ವಪೆಯನ್ನು ಸುಮಾರು 4 ಸೆಂ.ಮೀ. ಮೇಲಕ್ಕೆ ತಳ್ಳುತ್ತದೆ. ಉಸಿರು ಬಿಟ್ಟ ಮೇಲೆ ಶ್ವಾಸಕೋಶದಲ್ಲಿ ಉಳಿಯುವ ಗಾಳಿ ಸುಮಾರು ಐದನೇ ಒಂದು ಭಾಗ ಕಡಿಮೆಯಾಗುತ್ತದೆ. ಆದರೆ ಆಮ್ಲಜನಕದ ಅಗತ್ಯ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಖರ್ಚು ಹೆಚ್ಚಿ ಉಳಿತಾಯ ಕರಗಿದ ಸಂಸಾರದಂತೆ, ಸಣ್ಣ ಪೆಟ್ಟು ಬಿದ್ದರೂ ದೇಹ ತಾಳಲಾರದು. ರಕ್ತಹೀನತೆ ಇದ್ದರಂತೂ ಇನ್ನೂ ಕಷ್ಟ. ಹೆರಿಗೆಯಾದ ಕೂಡಲೇ ದೇಹ ಮೊದಲಿನಂತಾಗುವುದಿಲ್ಲ. ಕನಿಷ್ಠ ಎರಡು ವಾರ ಬಾಣಂತಿಯನ್ನೂ ಗರ್ಭಿಣಿಯಷ್ಟೇ ಎಚ್ಚರದಿಂದ ನೋಡಬೇಕು.

ಮಾತ್ರೆಯ ಭಯ ಬೇಡ

‘ಹೊಟ್ಟೆಯಲ್ಲಿ ಮಗುವಿದೆ, ಮಾತ್ರೆ ಕೊಡಬೇಡಿ’ ಎಂದು ಹಿರಿಯರು ಹೇಳುವುದು ಪ್ರೀತಿಯಿಂದಲೇ. ಆದರೆ ಇಳಿಯದ ಜ್ವರ ಮಗುವಿಗೂ ಕೆಡುಕು. ಜ್ವರಕ್ಕೆ ಪ್ಯಾರಸಿಟಮಾಲ್ ಅನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಡಬಹುದು. ಐಬುಪ್ರೊಫೇನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳನ್ನು ಮೆಡಿಕಲ್ ಶಾಪ್‌ನಿಂದ ನೀವೇ ತಂದು ಕೊಡಬೇಡಿ.

ಫ್ಲೂ ಜ್ವರಕ್ಕೆ ಒಸೆಲ್ಟಾಮಿವಿರ್ ಎಂಬ ಔಷಧಿಯಿದೆ. ಸಾಮಾನ್ಯವಾಗಿ ದಿನಕ್ಕೆ ಎರಡು ಬಾರಿಯಂತೆ 5 ದಿನ ಕೊಡುತ್ತಾರೆ. ಜ್ವರ ಶುರುವಾದ 48 ಗಂಟೆಯೊಳಗೆ ಆರಂಭಿಸಿದರೆ ಹೆಚ್ಚು ಫಲ. ಫ್ಲೂ ಎಂಬ ಸಂಶಯವಿದ್ದರೆ ಗರ್ಭಿಣಿಗೆ ಪರೀಕ್ಷೆಯ ವರದಿ ಬರುವ ಮೊದಲೇ ವೈದ್ಯರು ಇದನ್ನು ಆರಂಭಿಸಬಹುದು. ಹಾಲೂಡಿಸುವ ತಾಯಿಯೂ ಇದನ್ನು ತೆಗೆದುಕೊಳ್ಳಬಹುದು. ಆದ್ದರಿಂದ ಗರ್ಭಿಣಿಗೆ ಜ್ವರದೊಂದಿಗೆ ಕೆಮ್ಮು, ಗಂಟಲು ನೋವು ಕಂಡ ದಿನವೇ ವೈದ್ಯರ ಬಳಿ ಹೋಗಿ, ಎಷ್ಟನೇ ತಿಂಗಳೆಂದು ಮೊದಲೇ ತಿಳಿಸಿ. ಎದೆಯ ಎಕ್ಸ್‌ರೇ ಬೇಕೆಂದರೆ ಹೆದರಬೇಡಿ. ಅದರಿಂದ ಮಗುವಿಗೆ ತಲುಪುವ ವಿಕಿರಣ ತೀರಾ ಅತ್ಯಲ್ಪ.

ತಕ್ಷಣ ಆಸ್ಪತ್ರೆಗೆ ಹೊರಡಬೇಕಾದ ಸೂಚನೆಗಳು

• ಮಾತು ಮುಗಿಸುವಷ್ಟರಲ್ಲಿ ಏದುಸಿರು. ಕುಳಿತಲ್ಲೇ ನಿಮಿಷಕ್ಕೆ 24ಕ್ಕಿಂತ ಹೆಚ್ಚು ಉಸಿರು
• ಆಕ್ಸಿಮೀಟರ್‌ನಲ್ಲಿ ಆಮ್ಲಜನಕ 95ಕ್ಕಿಂತ ಕಡಿಮೆ
• ಎದೆನೋವು, ತುಟಿ ನೀಲಿಯಾಗುವುದು, ಮಂಪರು, ತಪ್ಪಿದ ಮಾತು
• ಪ್ಯಾರಸಿಟಮಾಲ್‌ಗೂ ಇಳಿಯದ ಜ್ವರ
• ಮಗುವಿನ ಚಲನೆ ಕಡಿಮೆಯಾಗುವುದು, ರಕ್ತಸ್ರಾವ, ಹೆರಿಗೆ ನೋವು
• ಒಂದೇ ಕಾಲಿನ ಮೀನಖಂಡದಲ್ಲಿ ಊತ, ನೋವು (ರಕ್ತ ಹೆಪ್ಪುಗಟ್ಟಿರಬಹುದು)

ಬೆರಳ ತುದಿಯಲ್ಲಿ ಗಾಢ ಮೆಹೆಂದಿ ಅಥವಾ ನೈಲ್ ಪಾಲಿಶ್ ಇದ್ದರೆ ಆಕ್ಸಿಮೀಟರ್ ತಪ್ಪು ತೋರಿಸಬಹುದು. ಬಣ್ಣವಿಲ್ಲದ ಬೆರಳಿಗೆ ಹಾಕಿ. ಯಂತ್ರ ಏನೇ ತೋರಿಸಲಿ, ಉಸಿರು ಕಟ್ಟುತ್ತಿದೆ ಎಂದು ಆಕೆ ಹೇಳಿದರೆ ಆ ಮಾತನ್ನೇ ನಂಬಿ.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಕುಟುಂಬಗಳು ಒಂದು ವಿಷಯ ನೆನಪಿಡಬೇಕು. ಚಿತ್ರದುರ್ಗದ ಜಿಲ್ಲಾಸ್ಪತ್ರೆಗೆ ಹಿರಿಯೂರಿನಿಂದ ಸುಮಾರು 40 ಕಿ.ಮೀ., ಹೊಸದುರ್ಗದಿಂದ 50 ಕಿ.ಮೀ.ಗೂ ಹೆಚ್ಚು. ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಬರುವ ಹೊತ್ತು ಬೇರೆ. ಉಸಿರಾಟ ಕಷ್ಟವಾಗಿದ್ದರೆ ಬಾಡಿಗೆ ಕಾರಿಗಿಂತ ಆಮ್ಲಜನಕವಿರುವ 108 ಆಂಬುಲೆನ್ಸ್ ಮೇಲು. ಅದು ತಡವಾಗುವುದಾದರೆ ಸಿಕ್ಕ ವಾಹನದಲ್ಲಿ ಹತ್ತಿರದ ತಾಲ್ಲೂಕು ಆಸ್ಪತ್ರೆ ಸೇರಿ, ಆಮ್ಲಜನಕ ಹಾಕಿಸಿಕೊಂಡು ಮುಂದೆ ಹೊರಡಿ. ದಾರಿಯಲ್ಲಿ ಆಕೆಯನ್ನು ಅಂಗಾತ ಮಲಗಿಸದೆ ಒರಗಿಸಿ ಕೂರಿಸಿ ಅಥವಾ ಎಡಮಗ್ಗುಲಿಗೆ ಮಲಗಿಸಿ. ತಾಯಿ ಕಾರ್ಡ್ ಜೊತೆಯಲ್ಲಿರಲಿ.

ಗಂಡ ಬೆಂಗಳೂರಿನಲ್ಲೋ ಗಲ್ಫ್‌ನಲ್ಲೋ ಇರುತ್ತಾನೆ, ಹೆರಿಗೆಗೆಂದು ಆಕೆ ತವರಿಗೆ ಬಂದಿರುತ್ತಾಳೆ. ‘ಅವರನ್ನೊಂದು ಮಾತು ಕೇಳಿ ಹೊರಡೋಣ’ ಎನ್ನುತ್ತಲೇ ರಾತ್ರಿ ಕಳೆದುಹೋಗುತ್ತದೆ. ಪಕ್ಕದಲ್ಲಿ ಇರುವವರೇ ತೀರ್ಮಾನ ತೆಗೆದುಕೊಳ್ಳಲಿ ಎಂದು ಎರಡೂ ಮನೆಯವರು ಏಳನೇ ತಿಂಗಳಲ್ಲೇ ಮಾತಾಡಿಕೊಳ್ಳಿ.

ಬಾಣಂತಿ ಕೋಣೆ

ಕಿಟಕಿ ಮುಚ್ಚಿ, ಕೆಂಡ ಇಟ್ಟು, ಲೋಬಾನದ ಹೊಗೆ ಹಾಕುವ ರೂಢಿ ಇದೆ. ಕೆಮ್ಮುವ ತಾಯಿಗೂ ಹಸುಗೂಸಿಗೂ ಹೊಗೆ ಸಲ್ಲದು. ಮುಚ್ಚಿದ ಕೋಣೆಯ ಕೆಂಡದಿಂದ ವಿಷಾನಿಲ ತುಂಬಿ ಪ್ರಾಣಕ್ಕೇ ಎರವಾಗಬಹುದು. ಬೆಚ್ಚಗೆ ಹೊದಿಸಿ, ಗಾಳಿಯಾಡಲು ಬಿಡಿ.

ತಾಯಿಗೆ ಜ್ವರವೆಂದು ಮಗುವಿಗೆ ಹಾಲು ತಪ್ಪಿಸಬೇಡಿ. ಈ ಜ್ವರಗಳು ಎದೆಹಾಲಿನಿಂದ ಹರಡುವುದಿಲ್ಲ. ಕೆಮ್ಮು-ಸೀನಿನಿಂದ ಹರಡುತ್ತವೆ, ಹಾಲಿನಲ್ಲಿ ಮಗುವಿಗೆ ರಕ್ಷಣೆಯೇ ಇದೆ. ಸೋಪಿನಿಂದ ಕೈ ತೊಳೆದು, ಮಾಸ್ಕ್ ಹಾಕಿ ಹಾಲುಣಿಸಲಿ. ತೀರಾ ನಿತ್ರಾಣವಾಗಿದ್ದರೆ ಹಾಲು ಹಿಂಡಿ ಒಳಲೆಯಲ್ಲಿ ಇನ್ನೊಬ್ಬರು ಕುಡಿಸಲಿ. ಅಖೀಖಾಕ್ಕೆ ಬಂದವರೆಲ್ಲ ಮಗುವನ್ನು ಎತ್ತಿ ಮುದ್ದಿಸಬೇಕಿಲ್ಲ. ನೆಗಡಿ ಇದ್ದವರು ದೂರದಿಂದಲೇ ದುಆ ಮಾಡಲಿ.

ಲಸಿಕೆ ಮತ್ತು ಉಪವಾಸ

ಗರ್ಭಿಣಿಗೆ ಕೊಡುವ ಧನುರ್ವಾಯು ಚುಚ್ಚುಮದ್ದು ಫ್ಲೂ ತಡೆಯದು. ಫ್ಲೂ ಲಸಿಕೆ ಬೇರೆಯೇ ಇದೆ. ನಿಷ್ಕ್ರಿಯ ವೈರಸ್‌ನ ಆ ಚುಚ್ಚುಮದ್ದನ್ನು ಗರ್ಭದ ಯಾವ ತಿಂಗಳಲ್ಲೂ ಪಡೆಯಬಹುದು. ಮಗುವಿಗೆ 6 ತಿಂಗಳು ತುಂಬುವವರೆಗೆ ಈ ಲಸಿಕೆ ಕೊಡುವಂತಿಲ್ಲ. ಅಲ್ಲಿಯವರೆಗೆ ತಾಯಿಯಿಂದ ಬಂದ ರಕ್ಷಣೆಯೇ ಅದಕ್ಕೆ ಆಸರೆ. ತಪಾಸಣೆಗೆ ಹೋದಾಗ ವೈದ್ಯರನ್ನು ಕೇಳಿ.

ರಮಝಾನ್‌ನಲ್ಲಿ ಜ್ವರ ಬಂದರೆ ಹಸಿವು-ಬಾಯಾರಿಕೆಯಲ್ಲಿ ದೇಹವನ್ನು ದಂಡಿಸಬೇಡಿ. ರೋಗಿಗೆ ಉಪವಾಸ ಬಿಟ್ಟು ಬೇರೆ ದಿನಗಳಲ್ಲಿ ಪೂರೈಸುವ ರಿಯಾಯಿತಿಯನ್ನು ಕುರ್‌ಆನ್ ನೀಡಿದೆ. ಸೀನುವಾಗ ಪ್ರವಾದಿ(ಸ)ಯವರು ಕೈಯಿಂದಲೋ ಬಟ್ಟೆಯಿಂದಲೋ ಮುಖ ಮುಚ್ಚಿಕೊಳ್ಳುತ್ತಿದ್ದರು. ರೋಗಕ್ಕೆ ಚಿಕಿತ್ಸೆ ಪಡೆಯಲು ಹೇಳಿದವರೂ ಅವರೇ. ಔಷಧಿ ಕೊಡಿಸಿ ದುಆ ಮಾಡುವುದೇ ನಿಜವಾದ ತವಕ್ಕುಲ್. ಮನೆಯ ಗೋಡೆಯ ಮೇಲೆ ಇಂದೇ 108 ಎಂದು ದೊಡ್ಡದಾಗಿ ಬರೆದಿಡಿ. ಪಕ್ಕದಲ್ಲಿ ನಿಮ್ಮ ಆಶಾ ಕಾರ್ಯಕರ್ತೆಯ ನಂಬರೂ ಇರಲಿ.