ಸೋಂಪಿನ ಕಾಳಿಗೆ ಮುಳ್ಳು ಮೂಡುವ ಹೊತ್ತು

ಎಲೆಕ್ಟ್ರಾನಿಕ್ ಸಿಟಿಯ ನೀಲಾದ್ರಿ ರಸ್ತೆಯಲ್ಲಿ ಯಾವ ಎ.ಸಿ. ಹೋಟೆಲಿಗೆ ಹೋದರೂ ಊಟ ಮುಗಿದ ಮೇಲೆ ಬಿಲ್ಲಿನ ಬೆನ್ನಿಗೇ ಒಂದು ಪುಟ್ಟ ಬಟ್ಟಲು ಬರುತ್ತದೆ. ಅರ್ಧಕ್ಕೆ ಕಲ್ಲುಸಕ್ಕರೆ ಚೂರು, ಇನ್ನರ್ಧಕ್ಕೆ ಗುಲಾಬಿ, ಹಸಿರು, ಹಳದಿ ಬಣ್ಣದ ಸೋಂಪು. ಕೊರಳಿಗೆ ಕಂಪನಿಯ ಗುರುತಿನ ಚೀಟಿ ನೇತುಹಾಕಿಕೊಂಡವರು ಮಾತಾಡುತ್ತಲೇ ಒಂದು ಚಮಚ ಅಂಗೈಗೆ ಸುರಿದುಕೊಂಡು ಬಾಯಿಗೆ ಹಾಕಿಕೊಂಡು ಎದ್ದು ಹೋಗುತ್ತಾರೆ. ಆ ಕಾಳಿನ ಮೇಲೆ ಸಕ್ಕರೆ ಹೇಗೆ ಕೂತಿತು ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿದವಳಲ್ಲ, ನಮ್ಮ ಮಹಡಿಗೆ ಕಾಕು ಬರುವ ತನಕ.

ಕಾಕು ಬಾಗಲಕೋಟೆ ಕಡೆಯವರು. ಮಗನಿಗೆ ಎಲೆಕ್ಟ್ರಾನಿಕ್ ಸಿಟಿ ಎರಡನೇ ಹಂತದಲ್ಲಿರುವ ಕಂಪನಿಯೊಂದರಲ್ಲಿ ಕೆಲಸ. ಮೊಮ್ಮಗನನ್ನು ನೋಡಿಕೊಳ್ಳಲು ಬಂದವರು ಇಲ್ಲೇ ಉಳಿದರು. ಮೊಮ್ಮಗನ ಹುಟ್ಟುಹಬ್ಬಕ್ಕೆಂದು ಎಲ್ಲರೂ ಹೋಟೆಲಿಗೆ ಹೋದಾಗ ಬಟ್ಟಲಿನಿಂದ ನಾಲ್ಕು ಕಾಳು ತೆಗೆದು ಬಾಯಿಗೆ ಹಾಕಿಕೊಂಡು, ಮುಖ ಸೊಟ್ಟ ಮಾಡಿ, "ಇದು ಸೋಂಪಲ್ಲ ತಂಗಿ, ಬಣ್ಣ ಹಚ್ಚಿದ ಸಕ್ರಿ. ಸಂಕ್ರಮಣ ಬರ್ಲಿ, ನಾ ಮಾಡಿ ತೋರಸ್ತೀನಿ" ಎಂದರು. ಹಬ್ಬಕ್ಕೆ ಮೂರು ವಾರ ಇತ್ತು. ಅವರು ಹೇಳಿದ್ದು ಕುಸುರೆಳ್ಳಿನ ವಿಚಾರ.

ಮೈಸೂರು, ಬೆಂಗಳೂರು ಕಡೆಯ ಸಂಕ್ರಾಂತಿಯೆಂದರೆ ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಬೀಜದ ಮಿಶ್ರಣ. ಜೊತೆಗೆ ಸಕ್ಕರೆ ಅಚ್ಚು, ಕಬ್ಬು. ಆ ಮಿಶ್ರಣದಲ್ಲಿ ಅಲ್ಲಲ್ಲಿ ಮಿನುಗುವ ಬಣ್ಣದ ಜೀರಿಗೆ ಪೆಪ್ಪರಮೆಂಟು ನಮಗೆಲ್ಲ ಗೊತ್ತು. ಚಿಕ್ಕಂದಿನಲ್ಲಿ ನಾವು ಎಳ್ಳನ್ನು ಬಿಟ್ಟು ಅದನ್ನೇ ಹೆಕ್ಕುತ್ತಿದ್ದೆವು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಕಡೆಗೆ ಹೋದರೆ ಕುಸುರೆಳ್ಳೇ ಬೇಕು. ಒಂದೊಂದು ಎಳ್ಳಿನ ಸುತ್ತ ಸಕ್ಕರೆ ಕಟ್ಟಿ, ಮೈತುಂಬ ಸಣ್ಣ ಸಣ್ಣ ಮುಳ್ಳು ಎದ್ದು, ಮಲ್ಲಿಗೆ ಮೊಗ್ಗಿನ ಬಿಳುಪಿನಲ್ಲಿ ಹೊಳೆಯುವ ಕಾಳು ಅದು. ನಾಜೂಕಾದ ಕೆತ್ತನೆಗೆ ಕುಸುರಿ ಕೆಲಸ ಎನ್ನುತ್ತೇವಲ್ಲ, ಆ ಮಾತು ಇಲ್ಲಿ ತಿನ್ನುವ ಪದಾರ್ಥಕ್ಕೆ ಅಂಟಿಕೊಂಡಿದೆ. ಮಹಾರಾಷ್ಟ್ರದವರು ಇದನ್ನೇ ಹಲ್ವಾ ಎಂದು ಕರೆಯುತ್ತಾರೆ. ಕಾಳುಗಳನ್ನು ದಾರಕ್ಕೆ ಪೋಣಿಸಿ ಹಾರ, ಕಿರೀಟ, ಬಾಜುಬಂದಿ ಮಾಡಿ ಹೊಸ ಮದುವಣಗಿತ್ತಿಗೆ, ಮೊದಲ ಸಂಕ್ರಾಂತಿಯ ಕೂಸಿಗೆ ತೊಡಿಸುವ ರೂಢಿ ಗಡಿಯ ಎರಡೂ ಬದಿಗೆ ಇದೆ.

ಒಳಗೆ ಎಳ್ಳೇ ಇರಬೇಕೆಂದೇನಿಲ್ಲ. ಸೋಂಪು, ಲವಂಗ, ಗಸಗಸೆ, ಸಾಬುದಾನಿ, ಕರಬೂಜದ ಬೀಜ, ಗೋಡಂಬಿ ಚೂರು, ಯಾವುದಕ್ಕೂ ಸಕ್ಕರೆಯ ಅಂಗಿ ತೊಡಿಸಬಹುದು. ಕಾಕು ಎಳ್ಳಿನ ಜೊತೆಗೆ ಪ್ರತಿ ವರ್ಷ ಒಂದು ಪಾಲು ಸೋಂಪನ್ನೂ ಮಾಡುತ್ತಾರೆ. ಅವರ ಬಾಯಲ್ಲಿ ಅದು ಬಡೇಸೋಪು. ಕರಾವಳಿಯಲ್ಲಿ ಅದೇ ದೊಡ್ಡಜೀರಿಗೆ. ಹೆಸರಿನ ಈ ಗೊಂದಲ ನಮ್ಮದೊಂದೇ ಅಲ್ಲ. ಯುರೋಪಿನವರು ಮಿಠಾಯಿಗೆ ಬಳಸುವ ಆನಿಸ್ ಎಂಬ ಕಾಳು ನಮ್ಮ ಸೋಂಪಿನ ದಾಯಾದಿ, ಇನ್ನೂ ಚಿಕ್ಕದು. ಬಿರಿಯಾನಿಗೆ ಹಾಕುವ ನಕ್ಷತ್ರದಾಕಾರದ ಮೊಗ್ಗು ಇವೆರಡಕ್ಕೂ ಸಂಬಂಧವೇ ಇಲ್ಲದ ಮರದ್ದು. ಆದರೂ ಮೂರರ ಘಮಲೂ ಒಂದೇ ಜಾತಿಯದು, ಏಕೆಂದರೆ ಮೂರರಲ್ಲೂ ಇರುವುದು ಅನಿಥೋಲ್ ಎಂಬ ಎಣ್ಣೆಯ ಅಂಶ. ಅದಕ್ಕೆ ಸ್ವಂತದ ಸಿಹಿಯೂ ಉಂಟು. ಬರಿಯ ಸೋಂಪು ಅಗಿದರೂ ಕೊನೆಗೆ ಬಾಯಿ ಸಿಹಿಯಾಗುವುದು ಅದರಿಂದಲೇ.

ಸಾಮಾನು ಕೂಡಿಸಿಕೊಳ್ಳುವುದರಲ್ಲೇ ಒಂದು ದಿನ ಹೋಯಿತು. ಅಗಲ ಬಾಯಿಯ ಪರಾತ ಬೇಕು, ತೆಳುವಾದದ್ದು ಬೇಡ ಎಂದು ಕಾಕು ಹಟ ಹಿಡಿದರು. ಕೋನಪ್ಪನ ಅಗ್ರಹಾರದಲ್ಲಿ ಹಳದಿ ಮಾರ್ಗದ ಮೆಟ್ರೊ ಹತ್ತಿ, ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಚಿಕ್ಕಪೇಟೆಯಲ್ಲಿ ಇಳಿದೆವು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ತೆರೆಯುವ ಮುಂಚೆ ಪೇಟೆಗೆ ಹೋಗಿಬರುವುದೆಂದರೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ವಾಹನ ದಟ್ಟಣೆಯಲ್ಲಿ ಅರ್ಧ ಆಯುಷ್ಯ ಕಳೆದಂತೆ. ಪಾತ್ರೆ ಅಂಗಡಿಯಲ್ಲಿ ಪರಾತವನ್ನು ಬೆರಳಿನಿಂದ ಬಡಿದು ನೋಡಿ ಆರಿಸಿದರು. ಗ್ರಂಧಿಗೆ ಅಂಗಡಿಯಲ್ಲಿ ಸಣ್ಣ ಸೋಂಪು, ಪಾಲಿಷ್ ಮಾಡದ ಬಿಳಿ ಎಳ್ಳು, ಅಂಟಿನುಂಡೆಗೆಂದು ಕಾಲು ಕಿಲೊ ಅಂಟು.

ಮಾಡುವ ಕ್ರಮ ಹೇಳುವುದಕ್ಕೆ ಐದು ನಿಮಿಷ ಸಾಕು, ಮಾಡುವುದಕ್ಕೆ ಐದು ದಿನ. ಐವತ್ತು ಗ್ರಾಂ ಸೋಂಪನ್ನು ಹಸನು ಮಾಡಿ, ದೂಳು ಜರಡಿ ಹಿಡಿದು, ಬೆಚ್ಚಗೆ ಹುರಿದಿಡಬೇಕು. ಅರ್ಧ ಕಿಲೊ ಸಕ್ಕರೆಗೆ ಅದರ ಅರ್ಧ ನೀರು ಹಾಕಿ ಕುದಿಸಿ, ಎರಡು ಚಮಚ ಹಾಲು ಬಿಟ್ಟರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ತೆಗೆದುಬಿಡಬೇಕು. ಪಾಕ ಎಳೆ ಬರುವುದಕ್ಕೆ ಮುಂಚೆಯೇ, ಬೆರಳಿಗೆ ಬರೀ ಅಂಟು ಹತ್ತುವ ಹಂತದಲ್ಲಿ ಇಳಿಸಬೇಕು. ಪರಾತವನ್ನು ಸಣ್ಣ ಬಿಸಿಯ ಮೇಲಿಟ್ಟು, ಕಾಳು ಹರಡಿ, ಅರ್ಧ ಚಮಚ ಪಾಕ ಹನಿಸಿ, ಅಂಗೈ ಮತ್ತು ಬೆರಳಿನಿಂದ ಹೊರಳಿಸುತ್ತ ಇರಬೇಕು. ಒಣಗಿತೋ, ಮತ್ತೆ ಅರ್ಧ ಚಮಚ. ದಿನಕ್ಕೆ ಎರಡು ಮೂರು ತಾಸು ಹೀಗೆ.

ಮೊದಲ ದಿನ ನಾನು ಬೇಗ ಆಗಲೆಂದು ಒಂದೇ ಸಲ ಎರಡು ಚಮಚ ಸುರಿದೆ. ಕಾಳುಗಳು ಒಂದಕ್ಕೊಂದು ಅಪ್ಪಿಕೊಂಡು ಸೋಂಪಿನ ಚಿಕ್ಕಿ ಆಗುವುದರಲ್ಲಿದ್ದವು.

"ಪಾಕ ಕುಡಸಬೇಕವ್ವಾ, ಜಳಕಾ ಮಾಡಸಬಾರದು" ಎಂದು ಕಾಕು ಪರಾತ ಕಸಿದುಕೊಂಡರು. "ಹಗೂರ್ಕ. ಕೈಗೆ ಚುರುಕ್ ಅಂದ್ರ ಇಳಸು, ತಣ್ಣಗಾತಂದ್ರ ಏರಸು."

ಈ ಕೆಲಸದಲ್ಲಿ ಅಳತೆಗೋಲು ಅದೊಂದೇ, ಕೈಗೆ ತಾಳುವ ಬಿಸಿ. ಊರಲ್ಲಿ ಬೂದಿ ಮುಚ್ಚಿದ ಕೆಂಡದ ಮೇಲೆ ಪರಾತ ಇಡುತ್ತಿದ್ದರಂತೆ. ಹದಿನಾಲ್ಕನೇ ಮಹಡಿಯಲ್ಲಿ ಕೆಂಡ ಎಲ್ಲಿಂದ ತರೋಣ? ನಾನು ಇಂಡಕ್ಷನ್ ಒಲೆ ಹೇಳಿದೆ. ಹಿತ್ತಾಳೆ ಪರಾತವನ್ನು ಅದು ಗುರುತಿಸಲೇ ಇಲ್ಲ, ಸ್ಟೀಲಿನದಿಟ್ಟರೆ ಸಣ್ಣ ಉರಿಯಲ್ಲಿ ಒಮ್ಮೆ ಧಗ್ಗೆಂದು ಕಾಯುವುದು, ಒಮ್ಮೆ ಸುಮ್ಮನಾಗುವುದು. ಕಡೆಗೆ ಕಾಕು ಕಂಡುಕೊಂಡ ಉಪಾಯ: ಗ್ಯಾಸನ್ನು ಸಿಮ್ಮಿನಲ್ಲಿಟ್ಟು, ಮೇಲೆ ಹಳೆಯ ದೋಸೆ ಹೆಂಚು, ಹೆಂಚಿನ ಮೇಲೆ ಪರಾತ. ಹೆಂಚು ಬೂದಿಯ ಕೆಲಸ ಮಾಡಿತು.

ಎರಡನೇ ದಿನ ಕಾಳು ಬೆಳ್ಳಗಾದವು. ಮೂರನೇ ದಿನ ಗುಂಡಗಾದವು. ಆ ರಾತ್ರಿ ನಾನು ಮಾಡಿದ ತಪ್ಪು ಈಗಲೂ ಕಾಕುವಿನ ಬಾಯಲ್ಲಿ ಬರುತ್ತಿರುತ್ತದೆ. ನನ್ನ ಪಾಲಿನ ತಟ್ಟೆಯನ್ನು ಗಾಳಿಗೆ ಒಣಗಲೆಂದು ಬಾಲ್ಕನಿಯಲ್ಲಿಟ್ಟು ಮಲಗಿದೆ. ಬೆಳಿಗ್ಗೆ ಮೇಲ್ಸೇತುವೆ ಕಾಣದಷ್ಟು ಮಂಜು ಬಿದ್ದಿತ್ತು. ತಟ್ಟೆಯಲ್ಲಿದ್ದದ್ದು ಒಂದೇ ಒಂದು ಬಿಳಿ ರೊಟ್ಟಿ. ಬೆಂಗಳೂರಿನ ಚಳಿ ಬಾಗಲಕೋಟೆಯ ಒಣ ಚಳಿಯಲ್ಲ, ಇದರಲ್ಲಿ ನೀರು ಇರುತ್ತದೆ. ಆ ರೊಟ್ಟಿಯನ್ನು ಲಟ್ಟಣಿಗೆಯಿಂದ ಕುಟ್ಟಿ ಪಾಯಸಕ್ಕೆ ಹಾಕಿದೆವು, ಚೆನ್ನಾಗಿಯೇ ಇತ್ತು.

ಮುಳ್ಳು ಬರುವುದು ನಾಲ್ಕನೇ ದಿನಕ್ಕೆ. ಮೈ ಪೂರ್ತಿ ತೋಯಿಸದಷ್ಟು ಕಡಿಮೆ ಪಾಕ ಹಾಕಿದಾಗ ಅದು ಕಾಳಿನ ಉಬ್ಬುಗಳಿಗೆ ಮಾತ್ರ ತಗಲುತ್ತದೆ, ಅಲ್ಲೇ ಒಣಗಿ ಹರಳುಗಟ್ಟುತ್ತದೆ. ಮುಂದಿನ ಹನಿಗೆ ಆ ಉಬ್ಬೇ ಮೊದಲು ಸಿಗುತ್ತದೆ. ಉಳ್ಳವರಿಗೇ ಇನ್ನಷ್ಟು ಎನ್ನುವ ಲೋಕದ ನ್ಯಾಯ ಸಕ್ಕರೆಗೂ ಅನ್ವಯ. ಕೆಳಗೆ ಬಿಸಿ, ಮೇಲೆ ಚಳಿಗಾಳಿ ಇದ್ದರೆ ಮುಳ್ಳು ಚೂಪಾಗುತ್ತದೆ ಎಂಬುದು ಮಾಡುವವರ ಅನುಭವ; ಅದಕ್ಕೇ ಇದು ಪುಷ್ಯದ ಬೆಳಗಿನ ಜಾವದ ಕೆಲಸ. ಮೇ ತಿಂಗಳಲ್ಲಿ ಕೂತರೆ ನುಣ್ಣನೆಯ ಗೋಲಿ ಸಿಕ್ಕೀತು, ಕುಸುರೆಳ್ಳು ಸಿಗದು.

ಇಂಥದ್ದೇ ಮುಳ್ಳಿನ ಮಿಠಾಯಿ ಜಪಾನಿನಲ್ಲಿಯೂ ಇದೆ, ಕೊಂಪೆಯಿತೊ ಎಂದು. ಪೋರ್ಚುಗೀಸರು ಕೊಂಡುಹೋದದ್ದು. ಲೂಯಿಸ್ ಫ್ರೊಯಿಸ್ ಎಂಬ ಪಾದ್ರಿ 1569ರಲ್ಲಿ ಒಡಾ ನೊಬುನಾಗಾ ಎಂಬ ದೊರೆಗೆ ಗಾಜಿನ ಕುಪ್ಪಿಯಲ್ಲಿ ಇದನ್ನು ಕಾಣಿಕೆ ಕೊಟ್ಟ. ಮುಂದೆ ಜಪಾನಿಯರು ತಾವೇ ಮಾಡಲು ಹೊರಟಾಗ ಬಹಳ ಕಾಲ ಗುಟ್ಟು ಬಗೆಹರಿಯಲಿಲ್ಲವೆಂದೂ, ನಾಗಸಾಕಿಯ ಒಬ್ಬ ಎಳ್ಳನ್ನು ನಡುವೆ ಇಟ್ಟು ಸಾಧಿಸಿದನೆಂದೂ ಇಹಾರಾ ಸೈಕಾಕು 1688ರ ತನ್ನ ಕಥಾಸಂಕಲನದಲ್ಲಿ ಬರೆದಿದ್ದಾನೆ. ಎಳ್ಳು! ಕಾಕುವಿಗೆ ಹೇಳಿದಾಗ ಅವರಿಗೆ ಅಚ್ಚರಿಯೇ ಆಗಲಿಲ್ಲ, "ಮತ್ತ ಇನ್ನೇನ ಇಡ್ತಾರ?" ಎಂದರು. ಈ ಮುಳ್ಳು ಯಾಕೆ ಏಳುತ್ತದೆ ಎಂದು ತಲೆಕೆಡಿಸಿಕೊಂಡ ಒಬ್ಬ ಭೌತವಿಜ್ಞಾನಿಯೂ ಅಲ್ಲಿದ್ದ: ತೊರಾಹಿಕೊ ತೆರಾದಾ, ಒಳ್ಳೆಯ ಪ್ರಬಂಧಕಾರ ಕೂಡ. ಫ್ರಾನ್ಸಿನ ಫ್ಲವಿನ್ಯಿ ಎಂಬ ಹಳ್ಳಿಯ ಹಳೆಯ ಮಠದಲ್ಲಿ ಆನಿಸ್ ಕಾಳಿಗೆ ಸಕ್ಕರೆ ಕಟ್ಟುವ ಕೆಲಸ ಇಂದಿಗೂ ನಡೆಯುತ್ತಿದೆ. ಅಲ್ಲಿ ತಿರುಗುವ ಕಡಾಯಿಗಳಿವೆ; ಆದರೂ ಒಂದು ಕಾಳು ಬಟಾಣಿ ಗಾತ್ರವಾಗಲು ಎರಡು ವಾರ ಹಿಡಿಯುತ್ತದೆ. ಯಂತ್ರ ಬಂದರೂ ಕಾಯುವುದು ತಪ್ಪಲಿಲ್ಲ.

ಕಾರ್ಖಾನೆಯವರು ಪಾಕ ಹಾಕುವ ಮುಂಚೆ ಕಾಳಿಗೆ ಗೋಂದಿನ ನೀರಿನ ತೆಳು ಲೇಪ ಕೊಡುವುದುಂಟು, ಬೀಜದ ಎಣ್ಣೆ ಸಕ್ಕರೆಗೆ ಇಳಿಯದಿರಲೆಂದು. ಆಫ್ರಿಕದ ಜಾಲಿ ಜಾತಿಯ ಮರದ ಗೋಂದು ಅದು. ಮಕ್ಕಳು ಅಗಿಯುವ ಜೆಲ್ಲಿ ಮಿಠಾಯಿಯೂ ಮೂಲದಲ್ಲಿ ಆ ಗೋಂದಿನಿಂದಲೇ ಹುಟ್ಟಿದ್ದು. ಈಗ ಅದರ ಜಾಗಕ್ಕೆ ಪಿಷ್ಟ, ಪೆಕ್ಟಿನ್ ಅಥವಾ ಪ್ರಾಣಿಯ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್ ಬಂದಿದೆ. ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇಲ್ಲದ್ದನ್ನು ಕಾಕು ಮನೆಯೊಳಗೆ ಬಿಡುವುದಿಲ್ಲ, ಮೊಮ್ಮಗ ಜೆಲ್ಲಿ ಬೇಕೆಂಬ ಹಟ ಬಿಡುವುದಿಲ್ಲ. ಹಾಗಾಗಿ ಒಂದು ಭಾನುವಾರ ನಾವು ಅದನ್ನೂ ಮಾಡಿದೆವು. ಚೀನಾ ಗ್ರಾಸ್ ಎಂದು ದಿನಸಿ ಅಂಗಡಿಯಲ್ಲಿ ಸಿಗುತ್ತದಲ್ಲ, ಕಡಲಪಾಚಿಯ ಸತ್ವ, ಅದನ್ನು ನೆನೆಹಾಕಿ, ಸೋಂಪು ಕುದಿಸಿ ಸೋಸಿದ ನೀರಿನಲ್ಲಿ ಕರಗಿಸಿ, ಸಕ್ಕರೆ ಸೇರಿಸಿ ತಟ್ಟೆಗೆ ಸುರಿಯುವುದು. ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆಯೇ ಹಿಂಡಬೇಕು. ಹುಳಿಯ ಜೊತೆ ಕುದಿದರೆ ಗಟ್ಟಿಯಾಗುವ ಗುಣ ಹೋಗುತ್ತದೆ. ಕತ್ತರಿಸಿ, ಬಟ್ಟೆ ಹೊದಿಸಿ ಎರಡು ದಿನ ಒಣಗಿಸಿ ಸಕ್ಕರೆಯಲ್ಲಿ ಹೊರಳಿಸಿದೆವು. ಅಂಗಡಿಯದರಂತೆ ಜಗ್ಗುವುದಿಲ್ಲ, ಕಚ್ಚಿದರೆ ಪಟಕ್ಕೆಂದು ತುಂಡಾಗುತ್ತದೆ. ನಿಜವಾಗಿ ಅಗಿಯಬೇಕೆಂದರೆ ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ಸಿನ ಕುಸ್ವಾರಿಗೆ ಮಾಡುವ ಪೆರಾದ್ ತಿನ್ನಬೇಕು. ಪೇರಲೆ ಹಣ್ಣಿನಲ್ಲೇ ಇರುವ ಪೆಕ್ಟಿನ್ ಅದನ್ನು ಹಿಡಿದು ನಿಲ್ಲಿಸುತ್ತದೆ.

ಬಣ್ಣದ ಮಾತು ಬಂದರೆ ನಾನು ಕಾಕುವಿನ ಪಕ್ಷ. 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಬಾಂಬೆ ಮಿಠಾಯಿಗೆ ರೋಡಮೈನ್-ಬಿ ಎಂಬ ಬಣ್ಣ ಹಾಕುವುದನ್ನೂ ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನೂ ನಿಷೇಧಿಸಿತು. ನಾವು ಒಂದು ಹಿಡಿ ಕಾಳಿಗೆ ಕೇಸರಿ ಹಾಲು, ಇನ್ನೊಂದು ಹಿಡಿಗೆ ಬೀಟ್‌ರೂಟ್ ರಸ ಕುಡಿಸಿದೆವು. ಬೀಟ್‌ರೂಟಿನದು ಎರಡೇ ದಿನಕ್ಕೆ ಮಂಕಾಯಿತು.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕುಸುರೆಳ್ಳೇ ಎಂದು ಹುಬ್ಬೇರಿಸುವವರು ಒಮ್ಮೆ ಇಲ್ಲಿಯ ಲಿಫ್ಟಿನಲ್ಲಿ ನಿಂತು ಮಾತು ಆಲಿಸಬೇಕು. 1978ರಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಆರ್.ಕೆ. ಬಾಳಿಗರ ಮುಂದಾಳ್ತನದಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಈ ಊರಿಗೆ ಪಾಯ ಹಾಕಿತು. ಇಲ್ಲಿಯ ಹಳೆಯ ಸಿಹಿ ಎಂದರೆ ಹುಸ್ಕೂರು ಮದ್ದೂರಮ್ಮನ ಜಾತ್ರೆಯ ಬೆಂಡು, ಬತ್ತಾಸು. ಮುಗಿಲೆತ್ತರದ ತೇರುಗಳ ನೆರಳಿನಲ್ಲಿ ಇವತ್ತಿಗೂ ಅದನ್ನು ಗುಡ್ಡೆ ಹಾಕಿ ಮಾರುತ್ತಾರೆ. ಅದರ ಮೇಲೆ ನಾಡಿನ ಎಲ್ಲ ಮೂಲೆಯ ಡಬ್ಬಿಗಳೂ ಬಂದು ಸೇರಿವೆ. ಸಂಕ್ರಾಂತಿಯ ಸಂಜೆ ನಮ್ಮ ಲಿಫ್ಟಿನಲ್ಲಿ ಹಾಸನದ ಹುಡುಗಿಯೊಬ್ಬಳು ಎಳ್ಳುಬೆಲ್ಲದ ಪೊಟ್ಟಣ ಕೊಟ್ಟು "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಆಂಟಿ" ಎಂದಳು. ಕಾಕು ಅವಳ ಅಂಗೈಗೆ ಕುಸುರೆಳ್ಳು ಹಾಕಿ "ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೋಣು" ಎಂದರು. ಹುಡುಗಿ ಬಾಯಿಗೆ ಹಾಕಿಕೊಂಡು, "ಅಯ್ಯೋ, ಒಳಗೆ ಸೋಂಪಿದೆ" ಎಂದು ನಕ್ಕಳು.

ಹಬ್ಬಕ್ಕೆ ಮುಂಚೆ, ಕೆಲಸದ ಐದನೇ ದಿನ ಕಾಳುಗಳನ್ನು ಹರಡಿ ನೋಡಿದಾಗ ಮುಳ್ಳು ಬಂದದ್ದು ಅರ್ಧಕ್ಕೂ ಕಡಿಮೆ, ಅದೂ ಮುಕ್ಕಾಲು ಪಾಲು ಕಾಕುವಿನ ಪರಾತದ್ದು. ಕನ್ನಡಕ ಏರಿಸಿಕೊಂಡು ಒಂದೊಂದಾಗಿ ಬೇರ್ಪಡಿಸಿದರು. ಮುಳ್ಳಿನವು ಮೊಮ್ಮಗನ ಹಾರಕ್ಕೆ. ನುಣ್ಣಗಿದ್ದವನ್ನು ಡಬ್ಬಿಗೆ ತುಂಬಿ ನನ್ನ ಕೈಗಿಟ್ಟರು.

"ತಗೋ, ನಿಮ್ಮ ಹೋಟೆಲಿನ ಬಟ್ಟಲಕ್ಕ."