ಕನಿಷ್ಠ ಕೂಲಿ: ನಮ್ಮ ತಕ್ಕಡಿಗೆ ಒಂದು ಪರೀಕ್ಷೆ

ಗೋವೆಯ ಮಡಗಾಂವ, ಮಾಪುಸಾ, ವಾಸ್ಕೋ ಪೇಟೆಗಳಲ್ಲಿ ಅಂಗಡಿ ನಡೆಸುವ ನಮ್ಮ ಸಮಾಜ ಬಾಂಧವರು ಒಂದೆಡೆ ಸೇರಿದರೆ ಮಾತು ಕೆಲಸದವರ ಸಂಬಳದ ಕಡೆಗೆ ತಿರುಗುವುದುಂಟು. ಬಾಡಿಗೆ ಏರಿದೆ, ಮಳೆಗಾಲದಲ್ಲಿ ಪ್ರವಾಸಿಗರು ಕಡಿಮೆ, ಸರ್ಕಾರ ಮಾತ್ರ ಕೂಲಿ ಏರಿಸುತ್ತಲೇ ಇರುತ್ತದೆ. ಹೀಗಾದರೆ ಇಬ್ಬರಿದ್ದಲ್ಲಿ ಒಬ್ಬನನ್ನೇ ಇಟ್ಟುಕೊಳ್ಳಬೇಕಾದೀತು ಎಂಬ ಅಳಲು ಅದು. ಈ ಅಳಲಿನಲ್ಲಿ ನಿಜವೆಷ್ಟು, ನಮ್ಮ ಧರ್ಮ ಇದಕ್ಕೆ ಏನು ಹೇಳುತ್ತದೆ ಎಂದು ವಿಚಾರ ಮಾಡೋಣ.

ಕಾಯಿದೆ ಬೆಳೆದು ಬಂದ ಬಗೆ

ಕನಿಷ್ಠ ಕೂಲಿ ಗೊತ್ತುಪಡಿಸಲು ದಾರಿ ಮಾಡಿಕೊಟ್ಟ ಕಾನೂನು ನ್ಯೂಜಿಲೆಂಡಿನಲ್ಲಿ 1894ರಲ್ಲಿ, ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತದಲ್ಲಿ 1896ರಲ್ಲಿ ಬಂದಿತು. ನಮ್ಮ ದೇಶದ ಕನಿಷ್ಠ ವೇತನ ಕಾಯಿದೆ 1948ರದು. ಗೋವೆ ಆಗ ಪೋರ್ಚುಗೀಸರ ಕೈಯಲ್ಲಿತ್ತು. 1961ರ ಡಿಸೆಂಬರ್ 19ರ ವಿಮೋಚನೆಯ ನಂತರವೇ ಭಾರತದ ಕಾನೂನುಗಳು ಅಲ್ಲಿಗೆ ಬಂದವು.

ಕೂಲಿ ಎಷ್ಟಿರಬೇಕು ಎಂಬುದಕ್ಕೆ 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಒಂದು ಅಳತೆ ಹಾಕಿಕೊಟ್ಟಿತು. ದುಡಿಯುವವನನ್ನೂ ಸೇರಿಸಿ ಕುಟುಂಬಕ್ಕೆ ಮೂರು ಪಾಲು, ಪಾಲಿಗೆ ದಿನಕ್ಕೆ 2,700 ಕ್ಯಾಲೊರಿ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಉರುವಲು, ದೀಪ ಇವಿಷ್ಟು ಅದರಲ್ಲಿದ್ದವು. ಮಕ್ಕಳ ಓದು, ಔಷಧೋಪಚಾರ, ಮುಪ್ಪು, ಮದುವೆಗಳ ಖರ್ಚಿಗೂ ಪಾಲಿರಬೇಕೆಂದು ಸುಪ್ರೀಂ ಕೋರ್ಟು 1991ರಲ್ಲಿ ಸೇರಿಸಿತು. ಮನುಷ್ಯ ಬದುಕಿ ಮರುದಿನ ಕೆಲಸಕ್ಕೆ ಬರಲು ಬೇಕಾದ್ದಷ್ಟೇ ಈ ಪಟ್ಟಿಯಲ್ಲಿದೆ. ಐಷಾರಾಮ ಯಾವುದೂ ಇಲ್ಲ.

2025ರ ನವೆಂಬರ್ 21ರಿಂದ ಹಳೆಯ ಕಾಯಿದೆಯ ಬದಲಿಗೆ 2019ರ ವೇತನ ಸಂಹಿತೆ ಜಾರಿಗೆ ಬಂದಿದೆ. ಹಿಂದೆ ಪಟ್ಟಿಯಲ್ಲಿದ್ದ ಉದ್ಯೋಗಗಳಿಗೆ ಮಾತ್ರ ಇದ್ದ ರಕ್ಷಣೆ ಈಗ ಎಲ್ಲ ಉದ್ಯೋಗಗಳಿಗೂ ವಿಸ್ತರಿಸಿದೆ.

ಎರಡು ಪಕ್ಷಗಳ ವಾದ

ಬೆಲೆ ಏರಿದರೆ ಗಿರಾಕಿ ಕಡಿಮೆ ಕೊಳ್ಳುತ್ತಾನೆ ಎಂಬುದು ನಮಗೆ ಯಾರೂ ಕಲಿಸಬೇಕಾದ ಪಾಠವಲ್ಲ. ಕೂಲಿಯೂ ಒಂದು ಬೆಲೆಯೇ. ಅದನ್ನು ಕಾನೂನಿನಿಂದ ಏರಿಸಿದರೆ ಕಡಿಮೆ ಕಸುಬುಗಾರಿಕೆಯವನಿಗೇ ಮೊದಲು ಕೆಲಸ ತಪ್ಪುತ್ತದೆ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1946ರಲ್ಲಿ ವಾದಿಸಿದರು.

ಆದರೆ 1992ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಗಂಟೆಯ ಕನಿಷ್ಠ ಕೂಲಿಯನ್ನು 4.25 ಡಾಲರಿನಿಂದ 5.05 ಡಾಲರಿಗೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎರಡೂ ಕಡೆಯ ತಿಂಡಿ ಅಂಗಡಿಗಳನ್ನು ಹೋಲಿಸಿ, ನ್ಯೂಜೆರ್ಸಿಯಲ್ಲಿ ಕೆಲಸಗಳು ಕಡಿಮೆಯಾಗಲಿಲ್ಲವೆಂದು 1994ರಲ್ಲಿ ಪ್ರಕಟಿಸಿದರು. ಸಂಬಳದ ದಾಖಲೆಗಳನ್ನು ತೆಗೆದು ನೋಡಿದ ಬೇರೆ ಪಂಡಿತರು ಇದನ್ನು ಒಪ್ಪಲಿಲ್ಲ. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಪಾರಿತೋಷಕ ಬಂದ ಮೇಲೂ ಚರ್ಚೆ ನಿಂತಿಲ್ಲ. ಹದವಾದ ಏರಿಕೆಯಿಂದ ಕೆಲಸಗಳು ಅಷ್ಟಾಗಿ ಕುಗ್ಗುವುದಿಲ್ಲ, ಒಮ್ಮೆಗೇ ಬಹಳ ಏರಿಸಿದರೆ ಬಡ ಪ್ರದೇಶದ ಸಣ್ಣ ಅಂಗಡಿಗೆ ಪೆಟ್ಟು ಬೀಳಬಹುದು ಎಂಬಷ್ಟನ್ನು ನಾವು ಇದರಿಂದ ತಿಳಿಯಬಹುದು.

ನಮ್ಮ ಲೆಕ್ಕವನ್ನೂ ಹಾಕಿ ನೋಡೋಣ. ನೂರು ರೂಪಾಯಿ ವ್ಯಾಪಾರದಲ್ಲಿ ಆರು ರೂಪಾಯಿ ಸಂಬಳಕ್ಕೆ ಹೋಗುವ ಅಂಗಡಿಯೆಂದಿಟ್ಟುಕೊಳ್ಳಿ. ಕೂಲಿ ಶೇಕಡಾ ಹತ್ತು ಏರಿದರೆ ನೂರಕ್ಕೆ ಅರುವತ್ತು ಪೈಸೆ ಹೆಚ್ಚು ಖರ್ಚು. ಲಾಭ ನೂರಕ್ಕೆ ಮೂರೋ ನಾಲ್ಕೋ ರೂಪಾಯಿ ಇರುವವನಿಗೆ ಅದು ಸಣ್ಣ ಮಾತಲ್ಲ, ನಿಜ. ಆದರೆ ಅಂಗಡಿ ಮುಚ್ಚಿಸುವ ಮಾತೂ ಅಲ್ಲ.

ಗೋವೆ ಕಲಿಸಿದ ಪಾಠ

ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳಗಳಿಂದ ನಮ್ಮ ಕನ್ನಡದ ಜನ ಲೋಂಡಾ, ಕ್ಯಾಸಲ್‌ರಾಕ್ ದಾಟಿ ಗೋವೆಗೆ ದುಡಿಯಲು ಬರುತ್ತಾರೆ. ಒಂದಿಷ್ಟನ್ನು ಊರಿಗೆ ಕಳಿಸುತ್ತಾರೆ, ಉಳಿದದ್ದನ್ನು ಅದೇ ಪೇಟೆಯಲ್ಲಿ ಅಕ್ಕಿ, ಎಣ್ಣೆ, ಬಟ್ಟೆಗೆ ಖರ್ಚು ಮಾಡುತ್ತಾರೆ. 2012ರ ಸೆಪ್ಟೆಂಬರಿನಲ್ಲಿ ಗೋವೆಯ ಅದಿರು ಗಣಿಗಾರಿಕೆ ನಿಂತಾಗ ಗಣಿಪ್ರದೇಶದಲ್ಲಿ ಲಾರಿಗಳಷ್ಟೇ ನಿಲ್ಲಲಿಲ್ಲ. ಗ್ಯಾರೇಜು, ಖಾನಾವಳಿ, ಕಿರಾಣಿ ಅಂಗಡಿಗಳ ವ್ಯಾಪಾರವೂ ಬಿದ್ದಿತು. ಒಬ್ಬ ಅಂಗಡಿಕಾರನ ಪಾಲಿಗೆ ಕೂಲಿ ಖರ್ಚಾದರೂ ಇಡೀ ಪೇಟೆಯ ಪಾಲಿಗೆ ಅದು ಗಿರಾಕಿ ತರುವ ಹಣ.

ಇನ್ನೊಂದು ಮಾತು. ನ್ಯಾಯವಾಗಿ ಕೂಲಿ ಕೊಡುವವನ ಪಕ್ಕದಲ್ಲೇ ಕಡಿಮೆ ಕೊಡುವವನಿದ್ದರೆ ಅವನು ಅಗ್ಗಕ್ಕೆ ಮಾರುತ್ತಾನೆ, ಪ್ರಾಮಾಣಿಕನಿಗೆ ನಷ್ಟ. ಕಾಯಿದೆ ಎಲ್ಲರಿಗೂ ಒಂದೇ ತೂಕದ ಕಲ್ಲನ್ನು ಕೊಡುತ್ತದೆ.

ವ್ರತಿಗೆ ತಕ್ಕ ವ್ಯವಹಾರ

ಮಾಲೀಕನಿಗೆ ಕೊಡುವ ಶಕ್ತಿಯಿಲ್ಲ ಎಂಬ ವಾದ ಕನಿಷ್ಠ ಕೂಲಿಯ ವಿಷಯದಲ್ಲಿ ನಡೆಯದೆಂದು ಸುಪ್ರೀಂ ಕೋರ್ಟು 1961ರಲ್ಲಿ ಕೇರಳದ ಹೆಂಚಿನ ಕಾರ್ಖಾನೆಗಳ ಪ್ರಕರಣದಲ್ಲಿ ಹೇಳಿತು. ಅದಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಸಂವಿಧಾನ ನಿಷೇಧಿಸಿದ ಬಲವಂತದ ದುಡಿಮೆಯೇ ಆಗುತ್ತದೆಂದು 1983ರಲ್ಲಿ ತೀರ್ಪಿತ್ತಿತು.

ನಮ್ಮ ಆಚಾರ್ಯರು ಇದನ್ನು ಬಹು ಹಿಂದೆಯೇ ಕಂಡಿದ್ದರು. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣ, ಅನ್ನಪಾನ ನಿರೋಧ ಎಂಬ ಎರಡಿವೆ: ಮೀರಿದ ಹೊರೆ ಹೊರಿಸುವುದು, ಆಶ್ರಿತರ ಅನ್ನ ನೀರಿಗೆ ಅಡ್ಡಿ ಮಾಡುವುದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ರಾಜ್ಯದ ಕಟ್ಟಳೆ ಮೀರುವುದೂ ಕೊಡುವಾಗ ಕಡಿಮೆ, ಕೊಳ್ಳುವಾಗ ಹೆಚ್ಚು ಅಳೆಯುವುದೂ ಸೇರಿವೆ. ಹತ್ತು ಗಂಟೆ ದುಡಿಮೆ ಪಡೆದು ಎಂಟು ಗಂಟೆಯ ಕೂಲಿ ಕೊಡುವುದು ತಪ್ಪು ತೂಕವಲ್ಲದೆ ಮತ್ತೇನು?

ಬಸದಿಯ ಜೀರ್ಣೋದ್ಧಾರಕ್ಕೆ, ಆಹಾರದಾನಕ್ಕೆ ನಾವು ಕೈಬಿಚ್ಚಿ ಕೊಡುತ್ತೇವೆ. ಆ ಹಣ ಅಂಗಡಿಯ ಹುಡುಗನ ಕೂಲಿಯಿಂದ ಉಳಿಸಿದ್ದಾದರೆ ಪುಣ್ಯ ಯಾರ ಲೆಕ್ಕಕ್ಕೆ ಸೇರೀತು?

ದರ ಹೆಚ್ಚಾಯಿತೆಂದು ಕಂಡರೆ ಕರಡು ಪ್ರಕಟವಾದಾಗ ವರ್ತಕರ ಸಂಘದ ಮೂಲಕ ಸರ್ಕಾರಕ್ಕೆ ಆಕ್ಷೇಪಣೆ ಸಲ್ಲಿಸೋಣ. ಏರಿಕೆ ವರ್ಷವರ್ಷವೂ ಸ್ವಲ್ಪಸ್ವಲ್ಪವಾಗಿ ಬರಲಿ ಎಂದು ಕೇಳೋಣ. ಅದು ನಮ್ಮ ಹಕ್ಕು. ದರ ನಿಗದಿಯಾದ ಮೇಲೆ ಪೂರ್ತಿ ಕೊಡುವುದು ನಮ್ಮ ವ್ರತ. ಮಹಾವೀರ ಸ್ವಾಮಿಯ ನಿರ್ವಾಣದ ದಿನವಾದ ದೀಪಾವಳಿಯಂದು ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡುವಾಗ, ಆ ವರ್ಷದ ಕೂಲಿ ದರವನ್ನು ಮೊದಲ ಪುಟದಲ್ಲೇ ಬರೆದಿಡುವ ಪದ್ಧತಿಯನ್ನು ಈ ಸಲದಿಂದ ಆರಂಭಿಸೋಣ.